ರೆಡಿಮೇಡ್ ಬ್ಯಾರಲ್

ಮಹಬೂಲಾ, ಕುವೈತ್
14 ನವೆಂಬರ್ 2024

ಅಕ್ಷಯಾ ಮಗಾ,

ನೀನು, ಶ್ರವಣ್, ಪುಟ್ಟಿ ಮೂವರೂ ಸೌಖ್ಯವೆಂದು ನಂಬಿದ್ದೇನೆ. ನಿನ್ನ ಅಮ್ಮನ ಮೊಣಕಾಲು ನೋವು ಹಾಗೇ ಇದೆ, ಬಾಯಿಯ ಜೋರೂ ಹಾಗೇ ಇದೆ. ದೀಪಾವಳಿಗೇ ಬರೆಯಬೇಕಾಗಿದ್ದ ಪತ್ರ ತಡವಾಯಿತು, ಬೈಯಬೇಡ. ಈ ಕಾಲದಲ್ಲಿ ಯಾರು ಕಾಗದ ಬರೆಯುತ್ತಾರೆ ಎಂದು ನಗು ಬಂದರೆ ನಗು. ಪುಟ್ಟಿಯನ್ನು ತೊಟ್ಟಿಲಿಗೆ ಹಾಕಿದ ದಿನದಿಂದ ನೀನು ನಮ್ಮ ಫೋನ್ ಎತ್ತುತ್ತಿಲ್ಲ, ಮೆಸೇಜಿಗೂ ಉತ್ತರವಿಲ್ಲ. ಮತ್ತೇನು ಮಾಡಲಿ ಹೇಳು. ಪಕ್ಕದ ಫ್ಲ್ಯಾಟಿನ ನರ್ಸ್ ಬೆನೆಡಿಕ್ಟಾ ರಜೆಗೆ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಅಕ್ಷರ ಕೋಳಿ ಕೆದಕಿದ ಹಾಗಿದೆ, ನಿಧಾನವಾಗಿ ಓದು.

ನಿನಗೆ ಬಂದೂಕಿನ ಮಾತೆಂದರೆ ಚಿಕ್ಕಂದಿನಿಂದಲೂ ಆಗದು. ಆದರೂ ಇದೊಂದು ಸಲ ಕೇಳು.

ನಮ್ಮ ಕಫೀಲ್ ಅಬು ನಾಸೆರ್ ನಿನಗೆ ಗೊತ್ತಲ್ಲ, ಅರ್ದಿಯಾದ ನಮ್ಮ ಬಂದೂಕು ವರ್ಕ್‌ಶಾಪಿನ ಯಜಮಾನರು. ಗುರಿ ಹೊಡೆಯುವುದೆಂದರೆ ಅವರಿಗೆ ಹುಚ್ಚು. ಈ ವಯಸ್ಸಿನಲ್ಲಿ ಒಂದು ಕಿಲೋಮೀಟರ್ ದೂರದ ಗುರಿಗೆಂದು ಹೊಸ ರೈಫಲ್ ಮಾಡಿಸಲು ಹೊರಟರು. ಬೇರೆ ಭಾಗಗಳೆಲ್ಲ ಬಂದು, ಬ್ಯಾರಲ್ ಒಂದು ಬಾಕಿ ಇತ್ತು. ಅದೇ ರೈಫಲಿನ ಜೀವ. ಅದರೊಳಗಿನ ಸುರುಳಿ ಗೆರೆ ಗುಂಡನ್ನು ತಿರುಗಿಸಿ ಕಳಿಸುತ್ತದೆ. ಗುಂಡು ಉದ್ದವಾದಷ್ಟೂ ಸುರುಳಿ ಬಿಗಿಯಾಗಬೇಕು. ತೆಳ್ಳಗಿನ ಬ್ಯಾರಲ್ ಬೇಗ ಕಾದು, ಅದರ ಮೇಲಿನ ಬಿಸಿಗಾಳಿಯಲ್ಲಿ ಗುರಿಯೇ ಕುಣಿಯತೊಡಗುತ್ತದೆ. ಅದಕ್ಕೆ ದಪ್ಪನೆಯ ಸ್ಟೀಲಿನದೇ ಆಗಬೇಕೆಂದು ನಾನು, ಹೊರಲಾಗದು ಎಂದು ಅವರು. ಜಗಳಾಡಿ ಜಗಳಾಡಿ ಚಹಾ ತಣ್ಣಗಾಗುತ್ತಿತ್ತು. ಕೊನೆಗೆ ನಾನೇ ಗೆದ್ದೆ.

ಆಮೇಲೆ ಉಳಿದದ್ದು ಒಂದೇ ಪ್ರಶ್ನೆ. ಬ್ಯಾರಲ್ ಎರಡು ಬಗೆಯಲ್ಲಿ ಬರುತ್ತದೆ. ಒಂದು ಬ್ಲ್ಯಾಂಕ್. ಒಳಗಿನ ಗೆರೆಯ ಹೊರತು ಬೇರೆ ಕೆಲಸ ಆಗಿರುವುದಿಲ್ಲ. ಅದನ್ನು ಲೇತಿಗೆ ಕಟ್ಟಿ ತುದಿಗೆ ತಿರುಪು ಕೊರೆದು, ಗುಂಡು ಕೂರುವ ಮನೆಯನ್ನು ನಾನೇ ಕೊರೆಯಬೇಕು. ಇನ್ನೊಂದು ರೆಡಿಮೇಡ್. ಎಲ್ಲವನ್ನೂ ಕಾರ್ಖಾನೆಯಲ್ಲೇ ಮಾಡಿರುತ್ತಾರೆ, ತಂದು ತಿರುಗಿಸಿ ಕೂರಿಸಿದರೆ ಆಯಿತು. ಇಷ್ಟು ವರ್ಷ ಯಾರಾದರೂ ರೆಡಿಮೇಡ್ ಎಂದರೆ ಸಾಕು, "ಅಳತೆ ಕೊಡದೆ ಹೊಲಿಸಿದ ರವಿಕೆ ಅದು" ಎಂದು ನಗಾಡುತ್ತಿದ್ದವನು ನಾನು.

"ಯಲ್ಲಾ ಸುಕುಮಾರ, ಯಾವ ಬ್ಲ್ಯಾಂಕ್ ತರಿಸಲಿ?" ಎಂದರು ಅಬು ನಾಸೆರ್.

"ಈ ಸಲ ರೆಡಿಮೇಡ್ ತರಿಸುವಾ ಬಾಬಾ. ಈಗಿನವು ಒಳ್ಳೆದುಂಟು" ಎಂದೆ.

ನನ್ನ ಜೊತೆ ಕೆಲಸ ಮಾಡುವ ಉಪ್ಪಿನಂಗಡಿಯ ಫೈಝಲ್ ಬಿದ್ದು ಬಿದ್ದು ನಕ್ಕ. "ಎಂತ ಸುಕುಮಾರಣ್ಣ, ಜ್ವರ ಉಂಟಾ ನಿಮಗೆ?"

ಅಬು ನಾಸೆರ್ ನಗಲಿಲ್ಲ. ಚಹಾದ ಸಕ್ಕರೆಗೂ ವಾದ ಹೂಡುವ ಮನುಷ್ಯ "ಸರಿ, ನೀನು ಹೇಳಿದ ಹಾಗೆ" ಎಂದುಬಿಟ್ಟರು. ಮುಚ್ಚಿಡಲು ಹೋಗಿ ನಾನೇ ಬಯಲು ಮಾಡಿಕೊಂಡಿದ್ದೆ. ಅವರು ಫೈಝಲನನ್ನು ಯಾವುದೋ ನೆಪ ಹೇಳಿ ಹೊರಗೆ ಕಳಿಸಿ, "ಕೈ ಜೇಬಿನಿಂದ ತೆಗೆ" ಎಂದರು.

ತೆಗೆದೆ. ನಡುಗುತ್ತಿತ್ತು.

ಗಾಬರಿಯಾಗಬೇಡ ಮಗಾ. ಪಾರ್ಕಿನ್ಸನ್ ಅಂತೆ, ನರದ ಕಾಯಿಲೆ. ಪೂರ್ತಿ ಹೋಗುವುದಿಲ್ಲ, ಮಾತ್ರೆಯಿಂದ ಸ್ವಲ್ಪ ತಡೆಯಬಹುದು ಎಂದರು ಡಾಕ್ಟರ್. ಮೊದಲು ಬಲಗೈ ಹೆಬ್ಬೆರಳು, ಈಗ ಇಡೀ ಕೈ. ನಿನ್ನ ಅಮ್ಮನಿಗೆ ಮಾತ್ರ ಗೊತ್ತಿತ್ತು. ನಿನಗೆ ಹೇಳಬಾರದೆಂದು ಕಟೀಲಮ್ಮನ ಆಣೆ ಹಾಕಿಸಿದ್ದೆ. ಅವಳ ಮೇಲೆ ಸಿಟ್ಟು ಮಾಡಬೇಡ, ಪಾಪ, ಅಡುಗೆಮನೆಯಲ್ಲಿ ಒಬ್ಬಳೇ ಅಳುತ್ತಾಳೆ.

"ಯಾಕೆ ಹೇಳಲಿಲ್ಲ?" ಎಂದರು ಅಬು ನಾಸೆರ್, ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು.

"ಹೇಳಿದ್ರೆ ಲೇತಿನ ಹತ್ರ ಬಿಡ್ತಿದ್ರಾ ಬಾಬಾ?"

ಅವರು ಮೆತ್ತಗೆ, "ಖಲಾಸ್ ಸುಕುಮಾರ. ಸಾಕು. ಮಗಳ ಹತ್ತಿರ ಹೋಗಿ ಇರು" ಎಂದರು. ಮಗಳು ಎಂದದ್ದೇ ತಡ, ಗೊಳೋ ಎಂದು ಅತ್ತುಬಿಟ್ಟೆ. ನಿನ್ನಪ್ಪ ಅಳುವುದನ್ನು ನೀನು ನೋಡಿಲ್ಲ, ನೋಡದಿದ್ದುದೇ ಒಳ್ಳೆಯದಾಯಿತು.

ಕಳೆದ ವಾರ ಬ್ಯಾರಲ್ ಬಂತು. ಫೈಝಲ್ ಕೂರಿಸಿದ, ನಾನು ಪಕ್ಕದಲ್ಲಿ ನಿಂತಿದ್ದೆ. ಅವನು ಈಗ ನಗುವುದಿಲ್ಲ. "ಇಷ್ಟು ಬಿಗಿ ಸಾಕಾ ಸುಕುಮಾರಣ್ಣ?" ಎಂದು ಪ್ರತಿಯೊಂದಕ್ಕೂ ಕೇಳುತ್ತಾನೆ. ಅವನಿಗೆಲ್ಲ ಗೊತ್ತಿರುವುದೇ. ನನ್ನ ಮನಸ್ಸಿಗಾಗಿ ಕೇಳುತ್ತಾನೆ, ಅದೇ ಸಹಿಸಲಾಗುವುದಿಲ್ಲ. ಜಹ್ರಾದಾಚೆಯ ಮರುಭೂಮಿಯ ರೇಂಜಿನಲ್ಲಿ ಹೊಡೆದು ನೋಡಿ, "ನಿನ್ನ ಬ್ಯಾರಲ್ ಚಿನ್ನದಂಥದ್ದು" ಎಂದು ಅಬು ನಾಸೆರ್ ಫೋನ್ ಮಾಡಿದರು. ಅದರಲ್ಲಿ ನನ್ನದೇನಿತ್ತು ಮಗಾ? ಹೌದು ಬಾಬಾ ಎಂದು ಫೋನಿಟ್ಟೆ.

ಡಿಸೆಂಬರಿನಲ್ಲಿ ಇಲ್ಲಿನ ವಾಸದ ಪರವಾನಗಿ, ಇಕಾಮಾ, ರದ್ದು ಮಾಡಿಸಿ ಊರಿಗೆ ಬರುತ್ತಿದ್ದೇವೆ. ಇನ್ನು ಕುವೈತಿಗೆ ವಾಪಸು ಹೋಗುವುದಿಲ್ಲ. ಸುರತ್ಕಲ್ಲಿನ ಫ್ಲ್ಯಾಟಿನಲ್ಲಿರುತ್ತೇವೆ. ಅಲ್ಲಿಂದ ಉಡುಪಿ ಏನು ದೂರ? ಆದರೆ ನೀನು ಕರೆಯದೆ ನಿನ್ನ ಮನೆ ಮೆಟ್ಟಿಲು ಹತ್ತುವ ಧೈರ್ಯ ನನಗಿಲ್ಲ.

ಶ್ರವಣ್‌ಗೆ ನನ್ನ ನೆನಪು ಹೇಳು. ಪುಟ್ಟಿ ನೂರು ಕಾಲ ಬಾಳಲಿ. ನಿನ್ನ ಹೊಟ್ಟೆ ತಣ್ಣಗಿರಲಿ.

ನಿನ್ನ ಅಪ್ಪ,
ಸುಕುಮಾರ

ಮತ್ತೊಂದು ಮಾತು. ತೊಟ್ಟಿಲಿನ ದಿನ ಎಲ್ಲರೆದುರು ನೀನು ಪುಟ್ಟಿಯನ್ನು ನನ್ನತ್ತ ಚಾಚಿದೆ. ಅಜ್ಜನೇ ಎತ್ತಿ ತೊಟ್ಟಿಲಿಗೆ ಹಾಕಬೇಕೆಂದು ನಿನ್ನ ಆಸೆ. ನಾನು "ಬೇಡ, ಅಮ್ಮನಿಗೆ ಕೊಡು" ಎಂದು ಹಿಂದೆ ಸರಿದೆ. "ಶ್ರವಣ್‌ನ ಮಗು ಅಂತವಾ ಅಪ್ಪಾ?" ಎಂದು ಕೇಳಿದೆ. ನಿಮ್ಮ ಮದುವೆಯ ಹೊತ್ತಿಗೆ ಜಾತಿಯ ಮಾತೆತ್ತಿದವನು ನಾನು, ನೀನು ಹಾಗೆ ತಿಳಿದದ್ದು ಸಹಜ. ಅಲ್ಲವೆನ್ನಲು ಬಾಯಿ ಬರಲಿಲ್ಲ. ಆ ಬೆಳಿಗ್ಗೆ ಕಾಫಿ ಲೋಟ ನನ್ನ ಕೈಯಿಂದ ಜಾರಿ ಬಿದ್ದಿತ್ತು ಮಗಾ. ಮಗುವನ್ನೂ ಬೀಳಿಸಿಬಿಟ್ಟರೆ ಎಂಬ ಹೆದರಿಕೆ, ಅಷ್ಟೇ. ಮೊಮ್ಮಗಳನ್ನು ನಾನಿನ್ನೂ ಒಮ್ಮೆಯೂ ಮುಟ್ಟಿಲ್ಲ. ನೀನು ಕರೆದರೆ ಬಂದು ನೆಲದ ಮೇಲೆ ಚಾಪೆ ಹಾಕಿ ಕುಳಿತುಕೊಳ್ಳುತ್ತೇನೆ. ಅವಳನ್ನು ನನ್ನ ಮಡಿಲಲ್ಲಿ ಕೂರಿಸು. ಆದರೆ ನೀನು ಕೈ ತೆಗೆಯಬೇಡ, ಹಿಡಿದುಕೊಂಡೇ ಇರು.