ಹೊರಗಿನ ಚಿಲಕ

ನಗರಸಭೆಯ ಮೇಡಂ ಅವರಿಗೆ ನಮಸ್ಕಾರ.

ಇವತ್ತು ನನ್ನ ಉಪವಾಸ. ಅಂಗಳ ಗುಡಿಸಿ, ನೀರು ತುಂಬಿಸಿ, ದೇವರಿಗೆ ದೀಪ ಹಚ್ಚಿ ಬರೆಯಲು ಕೂತಿದ್ದೇನೆ.

ಕೆಲಸ ಕೊಡಿಸುತ್ತೇವೆಂದು ಕರೆದೊಯ್ದು ಕೂಡಿಹಾಕಿದವರ ಕೈಯಿಂದ ನನ್ನ ಮಗಳನ್ನು ಬಿಡಿಸಿ ತಂದಿರಿ. ನಿಮ್ಮ ಹೊಟ್ಟೆ ತಣ್ಣಗಿರಲಿ. ಈಗ ನಿಮ್ಮ ಹಾಸ್ಟೆಲಿನಲ್ಲಿದ್ದು ಹೊಲಿಗೆ ಕಲಿಯಲಿ ಅಂದಿದ್ದೀರಿ. ಅವಳಿಗೂ ಆಸೆ ಇದೆ. ಆದರೆ ಮೊನ್ನೆ ನೋಡಲು ಹೋದಾಗ ಕೋಣೆಯ ಹೊಸಿಲಲ್ಲೇ ನಿಂತುಬಿಟ್ಟಳು. ಬಾಗಿಲಿಗೆ ಚಿಲಕ ಹೊರಗಡೆ ಇದೆ.

“ಹುಡುಗಿಯರ ಒಳ್ಳೇದಕ್ಕೇ ಅಲ್ವೇನಮ್ಮಾ?” ಅಂದರು ವಾರ್ಡನ್.

“ಅವರೂ ಹಾಗೇ ಹೇಳ್ತಿದ್ರು” ಅಂದಳು ಮಗಳು.

ದಯಮಾಡಿ ಆ ಚಿಲಕ ಕೀಳಿಸಿ ಒಳಗಡೆ ಹಾಕಿಸಿ. ಬಡಗಿ ಸಿಗದಿದ್ದರೆ ಇವಳಪ್ಪನೇ ಬರುತ್ತಾರೆ. ಅವರ ಮಾತು ಒರಟು, ಕೈಕೆಲಸ ನಯ.

ಒಪ್ಪಿಗೆಗೆ ನನ್ನ ಸಹಿ ಕೇಳಿದ್ದಿರಿ. ನಾನು ಹಾಕಿಲ್ಲ, ತಪ್ಪು ತಿಳಿಯಬೇಡಿ. ಇಷ್ಟು ದಿನ ಅವಳ ಪರವಾಗಿ ಊರೆಲ್ಲ ಮಾತಾಡಿದ್ದು ಸಾಕು. ಅಲ್ಲಿ ಇರಬೇಕಾದವಳು ಅವಳು, ಹೂಂ ಅನ್ನುವುದೋ ಊಹೂಂ ಅನ್ನುವುದೋ ಅವಳಿಗೇ ಬಿಟ್ಟದ್ದು. ತಾನೇ ಬರೆದುಕೊಡುತ್ತಾಳಂತೆ. ಏನು ಬರೆಯುತ್ತಾಳೋ ನಾನು ಕೇಳಿಲ್ಲ.

ಬಾಗಿಲ ಕೆಲಸ ಮುಗಿದ ಮೇಲೆ ಯಾರನ್ನಾದರೂ ಕಳಿಸಿ, ಉತ್ತರವನ್ನು ಅವಳ ಕೈಯಿಂದಲೇ ಇಸಿದುಕೊಂಡು ಹೋಗಲಿ.

ನಿಮ್ಮ ಒಳಿತನ್ನು ದೇವರಲ್ಲಿ ಬೇಡುವ,
ಹುಡುಗಿಯ ತಾಯಿ