ಶೆಡ್ಡಿನೊಳಗಿನ ಸಿಳ್ಳೆ

ಭದ್ರಾವತಿ
ಬುಧವಾರ, ೬-೩-೨೦೨೪

ಜ್ಞಾನೇಶ್ ಅವರಿಗೆ,

‘ರೀ’ ಎಂದು ಶುರು ಮಾಡಿ ಹೊಡೆದುಹಾಕಿದೆ. ಗಂಡನ ಮನೆ ಬಿಟ್ಟು ತವರಿಗೆ ಬಂದು ಕೂತವಳಿಗೆ ಆ ಸಲಿಗೆ ಉಳಿದಿದೆಯೋ ಇಲ್ಲವೋ ತಿಳಿಯಲಿಲ್ಲ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ, ಆ ಎಂಜಿನ್ ಸದ್ದಿನಲ್ಲಿ ನಿಮಗೆ ಕೇಳುವುದೂ ಇಲ್ಲ. ಅದಕ್ಕೇ ಈ ಕಾಗದ.

ಮಲ್ಲಿಕ್‌ನ ಜೀಪಿನ ಎಂಜಿನ್ ರಿಪೇರಿ ಮಾಡಿ, ಆಲ್ಕೊಳದ ಶೆಡ್ಡಿನಲ್ಲಿ ಸ್ಟ್ಯಾಂಡಿಗೆ ಬಿಗಿದು, ಸಂಜೆಯಾದರೆ ಓಡಿಸುತ್ತೀರಿ. ಯಾಕೆಂದು ನನಗೆ ಗೊತ್ತು. ಸಕ್ರೆಬೈಲು ದಾಟಿ ಲಾರಿಯನ್ನು ಓವರ್‌ಟೇಕ್ ಮಾಡಲು ಹೋಗಿ ನನ್ನ ತಮ್ಮ ಮಲ್ಲಿಕ್ ಸತ್ತನಲ್ಲ, ಅವತ್ತು ಜೀಪು ಜೋರಾಗಿ ಓಡಲೆಂದು, ಎಂಜಿನ್ನಿಗೆ ಗಾಳಿ ತುರುಕುವ ಟರ್ಬೊದ ಒತ್ತಡದ ಸ್ಕ್ರೂ ಬಿಗಿದವನು ಅವನೋ ನೀವೋ, ನಿಮಗೆ ನೆನಪಾಗುತ್ತಿಲ್ಲ. ಅವನು ನಮ್ಮ ಗೇಟು ದಾಟಿ ಏರು ಹತ್ತಿದಾಗ ಕೇಳಿದ ಟರ್ಬೊದ ಸಿಳ್ಳೆ ಮತ್ತೆ ಬರುವವರೆಗೆ ಆ ಸ್ಕ್ರೂ ತಿರುಗಿಸುತ್ತಲೇ ಇರುತ್ತೀರಿ. ಬಂದರೆ ಅವತ್ತು ಸ್ಕ್ರೂ ಎಷ್ಟು ಸುತ್ತು ಬಿಗಿದಿತ್ತೆಂದು ತಿಳಿದು, ತಪ್ಪು ಯಾರದೆಂದು ಗೊತ್ತಾಗುತ್ತದೆ ಎಂಬ ನಂಬಿಕೆ ನಿಮ್ಮದು.

ಗೊತ್ತಾಗುವುದಿಲ್ಲ. ಈ ವಿದ್ಯೆ ನಮಗೆ ಹೇಳಿಕೊಟ್ಟವರೇ ನೀವು. ಗಾಂಧಿ ಬಜಾರಿನಲ್ಲಿ ಮೆಣಸಿನಕಾಯಿ ಚೀಲ ತುಳಿದು ತುಂಬುವುದನ್ನು ತೋರಿಸಿ, ಎಂಜಿನ್ನೂ ಹೀಗೇ ಎಂದಿದ್ದಿರಿ. ಚೀಲ ಅದೇ, ತುಳಿದರೆ ಹೆಚ್ಚು ಹಿಡಿಯುತ್ತದೆ. ಟರ್ಬೊ ಹೊರಗಿನ ಗಾಳಿಯ ಎರಡು ಪಟ್ಟು ಒತ್ತಡ ಕೊಟ್ಟರೆ ಎರಡೂವರೆ ಲೀಟರಿನ ಎಂಜಿನ್ ಹೆಚ್ಚುಕಡಿಮೆ ಐದು ಲೀಟರಿನದರಷ್ಟು ಗಾಳಿ ನುಂಗುತ್ತದೆ. ಗಾಳಿ ಹೋದಷ್ಟು ಡೀಸೆಲ್ ಸುಡಬಹುದು, ಸುಟ್ಟಷ್ಟು ಹಾರ್ಸ್‌ಪವರ್. ಆದರೆ ಮೀಟರಿನ ಮುಳ್ಳನ್ನೇ ನಂಬಬೇಡಿ, ಒತ್ತಿದ ಗಾಳಿ ಬಿಸಿಯಾಗಿ ತೆಳ್ಳಗಾಗುತ್ತದೆ, ಮುಳ್ಳು ಏರಿದಷ್ಟು ಗಾಳಿ ಒಳಗೆ ಹೋಗಿರುವುದಿಲ್ಲ ಎಂದೂ ಹೇಳಿದ್ದಿರಿ. ಮಲ್ಲಿಕ್ ಅರ್ಧ ಕೇಳಿಸಿಕೊಂಡು, ಇನ್ನೊಂದ್ ಸುತ್ತು ತಿರುಗ್ಸಿ ಭಾವ, ಏನಾಗಲ್ಲ ಮಾರಾಯ್ರೆ ಎಂದು ನಿಮ್ಮ ಬೆನ್ನು ಹತ್ತಿದ್ದ.

ಈಗ ಜೀಪಿಲ್ಲ, ಏರು ರಸ್ತೆಯಿಲ್ಲ. ಎಳೆಯಲು ಭಾರವಿಲ್ಲದ ಎಂಜಿನ್ನಿನಲ್ಲಿ ಟರ್ಬೊ ಒತ್ತಡ ಕಟ್ಟುವುದಿಲ್ಲ, ಆ ಸಿಳ್ಳೆ ಬರುವುದಿಲ್ಲ. ನಿಮಗೆ ಇದು ಗೊತ್ತಿಲ್ಲವೇ? ಹಟಕ್ಕೆ ಬಿದ್ದು ಆಕ್ಸಿಲರೇಟರ್ ಒತ್ತುತ್ತಾ ಹೋದರೆ ಒಂದು ದಿನ ಅದು ಸಿಡಿಯುತ್ತದೆ, ನೀವು ಪಕ್ಕದಲ್ಲೇ ನಿಂತಿರುತ್ತೀರಿ. ನನಗೆ ಭಯವಾಗುತ್ತದೆ. ನಿಮ್ಮ ಮುಖ ಕಂಡರೆ ತಮ್ಮನೇ ಕಣ್ಣೆದುರು ಬರುತ್ತಿದ್ದ, ತಡೆಯಲಾಗದೆ ಹೊರಟು ಬಂದೆ, ನಿಜ. ನೀವೂ ಹೋಗಲಿ ಎಂದು ಬರಲಿಲ್ಲ.

ಆ ಎಂಜಿನ್ ಬಿಚ್ಚಿಹಾಕಿ. ಅಮ್ಮ ನಿಮ್ಮನ್ನು ಯಾವತ್ತೂ ದೂರಿಲ್ಲ. ಅಳಿಯ ಸರಿಯಾಗಿ ಉಣ್ತಾನೋ ಇಲ್ವೋ ಎಂದು ಮೊನ್ನೆಯೂ ಕೇಳಿದಳು. ಭಾನುವಾರ ಊಟಕ್ಕೆ ಬನ್ನಿ, ನಾನೂ ಎದುರಿಗೆ ಕೂರುತ್ತೇನೆ.

ಇನ್ನೂ ನಿಮ್ಮವಳೇ,
ಸುಮನಾ

ತಾ.ಕ.: ಇವಳಿಗೆ ಸುದ್ದಿ ಮುಟ್ಟಿಸಿದ್ದು ಯಾರು ಎಂದು ಅಕ್ಕಪಕ್ಕದವರನ್ನು ಬೈಯಬೇಡಿ. ಕೆಲಸ ಮುಗಿಸಿ ಬಸ್ಸು ಹತ್ತಿ ಬಂದು, ಶೆಡ್ಡಿನ ಹಿಂದಿನ ಗೋಡೆಗೆ ಒರಗಿ ನಿಲ್ಲುವವಳು ನಾನೇ. ನಿನ್ನೆ ನೀವು ಎಂಜಿನ್ ಆಫ್ ಮಾಡಿ, ಬಾಗಿಲಿಗೆ ಬೀಗ ಹಾಕಿ ಹೋದ ಮೇಲೆ ಒಳಗಿನಿಂದ ಆ ಸಿಳ್ಳೆ ಬಂತು. ಇನ್ನೊಮ್ಮೆ ಬರಲಿ ಎಂದು ಅಲ್ಲೇ ನಿಂತುಬಿಟ್ಟೆ. ದಯವಿಟ್ಟು ಬಿಚ್ಚಿಹಾಕಿ, ಇಲ್ಲದಿದ್ದರೆ ನಾನು ನಾಳೆಯೂ ಬರುತ್ತೇನೆ.