ಉದ್ಯೋಗ: ಇಲ್ಲ

ಸೂಳೆಕೆರೆ ಏರಿಯ ಕೆಳಗಿನ ನಮ್ಮ ಮನೆಯಿಂದ,
15 ಏಪ್ರಿಲ್ 2025

ಅಕ್ಕಾ,

ಫೋನಿನಲ್ಲಿ ಹೇಳಲಾಗದ್ದನ್ನು ಬರೆದು ಅವ್ವನ ಬ್ಯಾಗಿನಲ್ಲಿ, ಅಂಟಿನುಂಡೆ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ಐರ್ಲೆಂಡಿನ ನಿನ್ನ ಮನೆಯಲ್ಲಿ ನೀನು ಇದನ್ನು ಓದುವಾಗ ಅವ್ವ ಮಗುವಿಗೆ ಎಣ್ಣೆ ತಿಕ್ಕುತ್ತಿರಬಹುದು. ಪೂರ್ತಿ ಓದುವವರೆಗೆ ಅವಳನ್ನು ಏನೂ ಕೇಳಬೇಡ.

ಮಗು ಹುಟ್ಟಿ ಹದಿನಾರು ದಿನವಾಯಿತು. ಹೆರಿಗೆಗೆ ಮೊದಲೇ ಅವ್ವ ನಿನ್ನ ಪಕ್ಕದಲ್ಲಿ ಇರಬೇಕಿತ್ತು. ಇರಲಿಲ್ಲ. ಆ ತಪ್ಪು ಶರಣು ಭಾವನದಲ್ಲ, ನನ್ನದು.

ಜನವರಿಯಲ್ಲಿ ವೀಸಾ ಸಿಗಲಿಲ್ಲವೆಂದಾಗ, ಭಾವ ಕಳಿಸಿದ ಬ್ಯಾಂಕಿನ ಕಾಗದ ಸರಿಯಿರಲಿಲ್ಲವೇನೋ ಎಂದು ಹೇಳಿದವಳು ನಾನೇ. ನೀನು ಅವರ ಮೇಲೆ ಹರಿಹಾಯ್ದೆ, ಎರಡು ದಿನ ಮಾತು ಬಿಟ್ಟೆ. ನಾನು ಸುಮ್ಮನಿದ್ದೆ. ತಿರಸ್ಕಾರದ ಪತ್ರದ ಮೊದಲ ಪುಟವನ್ನಷ್ಟೇ ಫೋಟೊ ತೆಗೆದು ನಿನಗೆ ಕಳಿಸಿದ್ದೆ. ಕಾರಣವಿದ್ದದ್ದು ಎರಡನೇ ಪುಟದಲ್ಲಿ. ಅರ್ಜಿದಾರರಿಗೆ ಉದ್ಯೋಗವಿಲ್ಲ, ಊರಿಗೆ ಮರಳಲೇಬೇಕಾದ ಕಾರಣ ಕಾಣುತ್ತಿಲ್ಲ, ಎಂದಿತ್ತು.

ಉದ್ಯೋಗದ ಖಾನೆಯಲ್ಲಿ ಶಾಲೆಯ ಬಿಸಿಯೂಟದ ಅಡುಗೆ ಎಂದು ಬರೆ ಅಂತ ನೀನು ಹೇಳಿದ್ದೆ. ಚನ್ನಗಿರಿಯ ಸೈಬರ್ ಅಂಗಡಿಯಲ್ಲಿ ಅರ್ಜಿ ತುಂಬಲು ಕೂತಾಗ ನನ್ನ ಕೈ ಅಲ್ಲಿ ನಿಂತಿತು. ಇಪ್ಪತ್ತೊಂದು ವರ್ಷದಿಂದ ಅಡುಗೆ ಮಾಡುವ ಅವ್ವನಿಗೆ ಸರ್ಕಾರ ಕೊಡುವುದು ಸಂಬಳವಲ್ಲ, ಗೌರವಧನ. ಅವಳನ್ನು ನೌಕರಳು ಎಂದು ಎಲ್ಲಿಯೂ ಬರೆಯುವುದಿಲ್ಲ. ಅದನ್ನೇ ವಿರೋಧಿಸಿ ಅಡುಗೆಯವರೆಲ್ಲ ತಾಲೂಕು ಕಚೇರಿಯ ಮುಂದೆ ಧರಣಿ ಕೂತಾಗ ಹಂಚಿದ ಕರಪತ್ರವನ್ನು ಬರೆದವಳು ನಾನು. ಈಗ ‘ಉದ್ಯೋಗ ಇದೆ’ ಎಂದರೆ ಆ ಕರಪತ್ರ ಸುಳ್ಳಾಗುತ್ತದೆ ಅನ್ನಿಸಿತು. ‘ಇಲ್ಲ’ ಎಂದು ತುಂಬಿದೆ. ನೀನು ಸಿದ್ಧಮಾಡಿ ಕಳಿಸಿದ್ದ ಪತ್ರವನ್ನು ಬಿಟ್ಟು ನನ್ನದೇ ಒಂದು ಪತ್ರ ಲಗತ್ತಿಸಿದೆ. ಅದರಲ್ಲಿ ಈ ಅನ್ಯಾಯವನ್ನೆಲ್ಲ ವಿವರಿಸಿದ್ದೆ. ಕೊನೆಗೆ ‘ವೀಸಾ ನೀಡಬೇಕೆಂದು ಒತ್ತಾಯಿಸುತ್ತೇವೆ’ ಎಂದೂ ಇತ್ತು. ನನಗೆ ಬರುವುದು ಅದೊಂದೇ ಬಗೆಯ ಪತ್ರ.

ಫೆಬ್ರವರಿಯಲ್ಲಿ ತಡೆಯಲಾರದೆ ಶಾಲೆಯ ಅಡುಗೆಮನೆಗೇ ಹೋಗಿ ಅವ್ವನಿಗೆ ಹೇಳಿಬಿಟ್ಟೆ. ಅವಳು ಜೊತೆಯ ಕಾಟಮ್ಮನೊಂದಿಗೆ ಸೊಪ್ಪು ಸೋಸುತ್ತಿದ್ದಳು. “ಕೆಲಸ ಇಲ್ಲಂತ ಬರ್ದೇನೇ? ಹಂಗಾರೆ ದಿನಾ ನೂರಾ ಹತ್ತು ಹುಡುಗ್ರಿಗೆ ಸಾರು ಕಾಸಾಕೆ ನಾನೇನು ಇಲ್ಲಿಗೆ ಟೂರ್ ಬರ್ತೀನೇನು?” ಅಂದಳು.

ಕಾಟಮ್ಮ ಬಿದ್ದು ಬಿದ್ದು ನಕ್ಕಳು. “ಸುಮ್ನಿರು ಬಂಗಾರಕ್ಕ, ವೀಸಾ ಇಲ್ದಂಗೆ ಒಳಗೆ ಬಂದೀವಿ ಅಂತ ಹಿಡ್ಕಂಡು ಹೋದಾರು.”

ಅವ್ವ ನಗಲಿಲ್ಲ. “ಅವರು ಕೊಡಾದು ಕಮ್ಮಿ ಐತೆ, ಅದಕ್ಕೆ ಜಗಳ ಮಾಡು, ನಾನೂ ಬರ್ತೀನಿ. ಆದ್ರೆ ಇದು ಕೆಲಸನೇ ಅಲ್ಲ ಅನ್ನಾಕೆ ನೀನ್ಯಾರೇ?”

ಯಾರ ವಿರುದ್ಧ ಕೂಗಿದ್ದೆನೋ ಅವರ ಮಾತನ್ನೇ ನನ್ನ ಕೈಯಾರೆ ಬರೆದು ಬೇರೆ ದೇಶಕ್ಕೆ ಕಳಿಸಿದ್ದೆ.

ಅವತ್ತೇ ಮರುಳಪ್ಪ ಮೇಷ್ಟ್ರು ಶಾಲೆಯ ಕಾಗದದಲ್ಲಿ ಬರೆದು ಸೀಲು ಹಾಕಿಕೊಟ್ಟರು: ಬಂಗಾರಮ್ಮನವರು ನಮ್ಮ ಶಾಲೆಯ ಮುಖ್ಯ ಅಡುಗೆಯವರು, ಬೇಸಿಗೆ ರಜೆ ಮುಗಿದು ಮೇ 29ಕ್ಕೆ ಶಾಲೆ ತೆರೆಯುವಾಗ ಹಾಜರಿರಬೇಕು. “ನೋಡ್ರಿ ಬಂಗಾರಮ್ಮ, ನೀವು ಬರಲಿಲ್ಲ ಅಂದ್ರೆ ಸೌಟು ನಾನು ಹಿಡೀಬೇಕಾಗತೈತೆ. ಹುಡುಗರು ಪಾಪ!” ಎಂದರು. ಅವ್ವ ಸೆರಗಿನಿಂದ ಕೈ ಒರೆಸಿಕೊಂಡು ಕಾಗದ ಹಿಡಿದಳು. ತನ್ನ ಹೆಸರು ಎಲ್ಲಿದೆ ಎಂದು ಕೇಳಿ, ಅಲ್ಲಿ ಬೆರಳಿಟ್ಟಳು.

ಎರಡನೇ ಅರ್ಜಿಯ ಪತ್ರವನ್ನು ಅವಳೇ ಹೇಳಿದಳು, ನಾನು ಸಾಲು ಸಾಲಾಗಿ ಇಂಗ್ಲಿಷಿಗೆ ಹಾಕಿದೆ. ಯಾಕೆ ಮರಳುತ್ತೀರಿ ಎಂಬಲ್ಲಿ ಮೊದಲು ಶಾಲೆ ಬಂತು. ಆಮೇಲೆ ಗಬ್ಬದ ಎಮ್ಮೆ. ಆಮೇಲೆ ಅಂದಳು: “ಸಣ್ಣಾಕೆ ಸಿಟ್ಟಿನಾಕೆ. ಯಾರ್ ಕೂಡಾದ್ರೂ ಜಗಳ ಆಡ್ಕಂಡು ಬಂದು ಉಣ್ಣದಂಗೆ ಮಕ್ಕಂತಾಳೆ. ಎಬ್ಬಿಸಿ ಇಕ್ಕಾಕೆ ನಾನೇ ಬೇಕು. ಅದಕ್ಕೆ ಬರ್ತೀನಿ.”

ಇಂಥದ್ದೆಲ್ಲ ಕಾಗದಪತ್ರದಲ್ಲಿ ನಡೆಯುವುದಿಲ್ಲ ಎಂದು ಗದರಿದೆ. “ಹಂಗಾರೆ ಬಿಡು” ಅಂದು ಎಮ್ಮೆಗೆ ಹುಲ್ಲು ಹಾಕಲು ಎದ್ದಳು.

ವೀಸಾ ಬಂತು, ಆದರೆ ಹೆರಿಗೆ ದಾಟಿದ ಮೇಲೆ. ನೋವು ಬಂದಾಗ ನೀನು ಅವ್ವಾ ಎಂದು ಕೂಗಿದೆ ಎಂದು ಭಾವ ಹೇಳಿದರು. ಆ ಕೂಗು ನನ್ನ ಲೆಕ್ಕಕ್ಕೇ ಸೇರಬೇಕು. ಭಾವನ ಕ್ಷಮೆ ಕೇಳಿದ್ದೇನೆ ಎಂದು ಹೇಳು. ನನ್ನನ್ನು ಈಗಲೇ ಕ್ಷಮಿಸಬೇಡ. ಮೊದಲು ಅವ್ವನ ಕೈಯಿಂದ ಬಿಸಿನೀರು ಹಾಕಿಸಿಕೊಂಡು ಚೆನ್ನಾಗಿ ನಿದ್ದೆ ಮಾಡು.

ಗೌರವಧನದ ಜಗಳ ನಾನು ಬಿಟ್ಟಿಲ್ಲ. ಹೊಸ ಕರಪತ್ರವನ್ನು ‘ನಾನೇನು ಇಲ್ಲಿಗೆ ಟೂರ್ ಬರ್ತೀನೇನು?’ ಎಂಬ ಅವ್ವನ ಮಾತಿನಿಂದಲೇ ಶುರುಮಾಡಿದ್ದೇನೆ.

ನಿನ್ನ ಸಿಟ್ಟಿನ ತಂಗಿ,
ಸುಧಾ

ಮರೆತಿದ್ದೆ: ‘ಸಣ್ಣಾಕೆ’ಯ ಆ ಸಾಲನ್ನು ಇಂಗ್ಲಿಷಿಗೆ ಹಾಕಲಿಲ್ಲ ಎಂದು ಅವ್ವ ನಂಬಿದ್ದಾಳೆ. ಹಾಕಿದ್ದೇನೆ, ಒಂದಕ್ಷರ ಬಿಡದೆ. ಮೇ 29ರೊಳಗೆ ಅವಳನ್ನು ಕಳಿಸಿಕೊಡು ಅಕ್ಕಾ. ಶಾಲೆಗೋಸ್ಕರ ಅಂದುಕೋ.